ಪಥ್ಯದ ಇಲಿಗಳು

ಔಷಧ ವಿಜ್ಞಾನ ಓದಿ ಹೊಸದಾಗಿ ಸಂಶೋಧನೆಗೆ ಇಳಿದವರು ಆಗಾಗ ಮನೆಗೆ ಬಂದು, ಗಿಡಮೂಲಿಕೆಯ ಮೇಲೆ ಕೆಲಸ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳುತ್ತಾರೆ. ಪುಸ್ತಕದಲ್ಲಿ ಇರುವುದನ್ನು ಅವರು ನನಗಿಂತ ಚೆನ್ನಾಗಿ ಓದಿರುತ್ತಾರೆ. ಪುಸ್ತಕದ ಒಳಗೆ ಹೋಗದೆ ಹೊರಗೇ ಉಳಿದದ್ದನ್ನು ಮಾತ್ರ ನಾನು ಹೇಳಬಹುದು. ಅದನ್ನು ಬಾಯಲ್ಲಿ ಹೇಳಿದರೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಬದಲಾಗುತ್ತದೆ ಎಂಬುದನ್ನು ಗಮನಿಸಿದ್ದೇನೆ. ಹೇಳಿದಷ್ಟೂ ಆ ಕತೆಯಲ್ಲಿ ನಾನು ಜಾಣಳಾಗುತ್ತಾ ಹೋಗುತ್ತೇನೆ. ಹಾಗಾಗಿ ಹಳೆಯ ಡೈರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಡೈರಿ ಹೆಚ್ಚೇನೂ ಹೇಳುವುದಿಲ್ಲ. ‘ಇಲಿ ಬಂತು’, ‘ಕರೆಂಟಿಲ್ಲ’, ‘ತಲೆನೋವು’ ಎಂಬಂಥ ಮಾತುಗಳೇ ಹೆಚ್ಚು. ಆದರೆ ನನ್ನನ್ನು ಮೆಚ್ಚಿಸುವ ಚಟ ಅದಕ್ಕಿಲ್ಲ.

ಪುತ್ತೂರಿನ ಹತ್ತಿರದ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಪಾಠ ಮುಗಿದ ಮೇಲೆ ನನ್ನ ಕೆಲಸ ಲಿವರಿನದ್ದು. ಮದ್ದು ರೋಗವನ್ನು ಗುಣಪಡಿಸುತ್ತಲೇ ಲಿವರಿಗೆ ಹಾನಿ ಮಾಡುವುದು ಅಪರೂಪವೇನಲ್ಲ. ಜ್ವರಕ್ಕೆ ತಿನ್ನುವ ಪ್ಯಾರಸಿಟಮಾಲ್ ಮಿತಿ ಮೀರಿದರೆ ಹಾಗಾಗುತ್ತದೆ. ಕ್ಷಯದ ಗುಳಿಗೆಗಳು ಕೆಲವರಿಗೆ ಮಿತಿಯಲ್ಲಿದ್ದರೂ ಹಾಗೆ ಮಾಡುತ್ತವೆ. ಈ ಹಾನಿಯನ್ನು ತಡೆಯುವ ಅಂಶ ನಮ್ಮ ಸುತ್ತಲಿನ ಗಿಡಗಳಲ್ಲಿ ಇದೆಯೇ ಎಂದು ಹುಡುಕುವುದರಲ್ಲಿ ನನ್ನ ಹೆಚ್ಚಿನ ವರ್ಷಗಳು ಕಳೆದವು.

ನಾವು ಮುಖ್ಯವಾಗಿ ಹಿಡಿದುಕೊಂಡ ಗಿಡ ಕಿರುನೆಲ್ಲಿ. ಮಳೆಗಾಲದಲ್ಲಿ ಅಂಗಳದ ಮೂಲೆಯಲ್ಲೂ ಬರುವ, ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ಸಣ್ಣ ಕಾಯಿ ಬಿಡುವ ಪುಟ್ಟ ಗಿಡ ಅದು. ಕಾಮಾಲೆಗೆ ಅದನ್ನು ಅರೆದು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕೊಡುವುದು ಈ ಕಡೆ ಎಲ್ಲರಿಗೂ ಗೊತ್ತು. ಬೇಕಾದಷ್ಟು ಸಿಗುತ್ತದೆ ಎಂದು ಮೊದಲ ವರ್ಷ ಹತ್ತಿರದ ತೋಟದಿಂದಲೇ ಕೀಳಿಸಿದೆವು. ಆ ಸಲ ಮದ್ದು ಕೊಟ್ಟ ಇಲಿಗಳ ಲಿವರ್ ಮದ್ದು ಕೊಡದವುಗಳಿಗಿಂತ ಕೆಟ್ಟಿತ್ತು. ಎಷ್ಟೋ ಸಮಯ ತಲೆ ಕೆಡಿಸಿಕೊಂಡ ಮೇಲೆ ಒಂದು ವಿಷಯ ಹೊಳೆಯಿತು. ಅಡಿಕೆಗೆ ಕೊಳೆರೋಗ ಬಾರದಿರಲು ಮರದ ತುದಿಗೆ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. ಅದರಲ್ಲಿರುವ ಮೈಲುತುತ್ತು, ಅಂದರೆ ತಾಮ್ರದ ಲವಣ, ತೊಟ್ಟಿಕ್ಕುವುದು ಬುಡದಲ್ಲಿರುವ ಕಿರುನೆಲ್ಲಿಯ ಮೇಲೆಯೇ. ನಾವು ಲಿವರಿಗೆ ಮದ್ದಿನ ಜೊತೆ ತಾಮ್ರವನ್ನೂ ಉಣ್ಣಿಸುತ್ತಿದ್ದೆವು. ಆಮೇಲೆ ಕೊಯಿಲದ ಕಡೆಯ ಬಯಲಿನಿಂದ ಮಾತ್ರ ಗಿಡ ತರಿಸಿದೆವು. ಅಲ್ಲಿ ದನ ಮೇಯುತ್ತದೆ, ಯಾರೂ ಏನೂ ಸಿಂಪಡಿಸುವುದಿಲ್ಲ.

ಇನ್ನೊಂದು ಪಾಠ ಕಣ್ಣಿನದ್ದು. ನಾನು ಸೇರಿದ ಹೊಸತರಲ್ಲಿ ಲಿವರನ್ನು ಹೊರತೆಗೆದು, ಬಿಳಿ ತಟ್ಟೆಯಲ್ಲಿಟ್ಟು, ಬಣ್ಣ ನೋಡಿಯೇ ಅಂಕ ಕೊಡುತ್ತಿದ್ದೆವು. ಪ್ರಿನ್ಸಿಪಾಲರು ಪಕ್ಕದಲ್ಲಿ ನಿಂತು, “ಇದು ಸ್ವಲ್ಪ ಕೆಂಪಿಗೆ ಉಂಟಲ್ವಾ ಮಾರಾಯ್ರೆ?” ಎಂದರೆ ಅದು ಕೆಂಪಾಗಿಯೇ ಕಾಣುತ್ತಿತ್ತು. ಅವರು ಮೋಸಗಾರರಲ್ಲ, ನಾನೂ ಅಲ್ಲ. ಯಾವ ತಟ್ಟೆಯಲ್ಲಿ ಮದ್ದು ಕುಡಿದ ಇಲಿಯ ಲಿವರ್ ಇದೆ ಎಂದು ಇಬ್ಬರಿಗೂ ಗೊತ್ತಿತ್ತು, ಅಷ್ಟೆ. ಮುಂದೆ ಆ ಪದ್ಧತಿ ಬಿಟ್ಟೆವು. ಲಿವರಿನ ತೆಳು ಪದರ ಅಂಟಿಸಿದ ಗಾಜಿನ ಪಟ್ಟಿಗಳ ಮೇಲೆ ಗುರುತಿನ ಅಂಕೆ ಮಾತ್ರ ಬರೆದು ಬೇರೆ ಊರಿನ ತಜ್ಞರಿಗೆ ಕಳಿಸತೊಡಗಿದೆವು. ರಕ್ತ ಪರೀಕ್ಷೆ ಮಾಡುವವರಿಗೂ ಯಾವ ಸೀಸೆ ಯಾವ ಗುಂಪಿನದ್ದು ಎಂದು ತಿಳಿಯುತ್ತಿರಲಿಲ್ಲ. ಎಲ್ಲರ ಕಣ್ಣು ಕಟ್ಟಿದ್ದೇವೆ ಎಂದುಕೊಂಡಿದ್ದೆ. ಒಬ್ಬರು ಉಳಿದಿದ್ದರು.

ಅವರು ಜತ್ತಪ್ಪಣ್ಣ. ಊರು ಮರ್ಕಂಜ. ಮೊದಲು ಕೊಯಿಲದ ಫಾರ್ಮಿನಲ್ಲಿ ದಿನಗೂಲಿಗೆ ದನ ನೋಡಿಕೊಂಡಿದ್ದರು. ನಮ್ಮಲ್ಲಿ ಇಲಿಗಳ ಕೋಣೆಯ ಜವಾಬ್ದಾರಿ ಅವರದ್ದು. ಬೆಳಿಗ್ಗೆ ಗೂಡು ತೊಳೆದು ಉಮಿ ಹಾಸಿ, ನೀರು ಮತ್ತು ಕಂಪೆನಿಯಿಂದ ಬರುವ ಸಿದ್ಧ ಆಹಾರದ ಕಾಳು ಇಟ್ಟು, ಇಲಿಗಳನ್ನು ಒಂದೊಂದಾಗಿ ಎತ್ತಿ ತೂಗುತ್ತಿದ್ದರು. ಅವರ ಕೈಯಲ್ಲಿ ಇಲಿ ಕಚ್ಚುತ್ತಿರಲಿಲ್ಲ. ಕೋಣೆಯ ಹಿಂದಿನ ಚಿಕ್ಕ ಶೆಡ್ಡಿನಲ್ಲಿ ವಾಸ, ಅಡಿಗೆ ಅಲ್ಲೇ. ಮದ್ದು ಕುಡಿಸುವಾಗ ಇಲಿ ಹಿಡಿದುಕೊಡುವವರೂ ಅವರೇ ಆದ್ದರಿಂದ ಯಾವ ಗೂಡಿಗೆ ಯಾವ ಮದ್ದು ಎಂದು ಬಾಗಿಲ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದೆವು.

ನಸೀಮಾ ನನ್ನ ಕೊನೆಯ ಸಂಶೋಧನಾ ವಿದ್ಯಾರ್ಥಿನಿ. ಪುತ್ತೂರಿನ ಪಕ್ಕದ ಸವಣೂರಿನವಳು. ಕಿರುನೆಲ್ಲಿಯ ಸಾರ ಪ್ಯಾರಸಿಟಮಾಲಿನ ಹಾನಿಯಿಂದ ಲಿವರನ್ನು ಎಷ್ಟು ಕಾಪಾಡುತ್ತದೆ ಎಂಬುದು ಅವಳ ಪಿಎಚ್.ಡಿ. ವಿಷಯ. ಪ್ರಯೋಗ ಸರಳ. ಒಂದು ಗುಂಪಿಗೆ ಕೆಲವು ದಿನ ಕಿರುನೆಲ್ಲಿಯ ಸಾರ, ಇನ್ನೊಂದಕ್ಕೆ ಸಿಲಿಮರಿನ್, ಮತ್ತೊಂದಕ್ಕೆ ಬರೀ ನೀರು. ಸಿಲಿಮರಿನ್ ಕೂಡ ಗಿಡದಿಂದ ಬಂದದ್ದೇ. ನಮ್ಮ ನೆಲದಲ್ಲಿ ಬೆಳೆಯದ ಒಂದು ಮುಳ್ಳುಗಿಡದ ಬೀಜದ ಅಂಶ ಅದು. ಲಿವರಿನ ಗುಳಿಗೆಯಾಗಿ ಅಂಗಡಿಯಲ್ಲಿ ಸಿಗುವುದರಿಂದ ಹೋಲಿಕೆಗೆ ಅದನ್ನು ಇಟ್ಟುಕೊಳ್ಳುತ್ತೇವೆ. ಕೊನೆಗೆ ಎಲ್ಲ ಇಲಿಗಳನ್ನು ಒಂದು ರಾತ್ರಿ ಉಪವಾಸ ಕೆಡವಿ, ಬೆಳಿಗ್ಗೆ ಪ್ಯಾರಸಿಟಮಾಲನ್ನು ದೊಡ್ಡ ಪ್ರಮಾಣದಲ್ಲಿ ಕುಡಿಸಿ, ಲಿವರ್ ಏನಾಯಿತು ಎಂದು ನೋಡುವುದು.

ಉಪವಾಸ ಯಾಕೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಪ್ಯಾರಸಿಟಮಾಲಿನ ಒಂದು ಸಣ್ಣ ಪಾಲನ್ನು ಲಿವರ್ ತಾನೇ ವಿಷವಾಗಿ ಮಾರ್ಪಡಿಸುತ್ತದೆ. ಆ ವಿಷವನ್ನು ಹಿಡಿದು ಹೊರಹಾಕುವ ಗ್ಲುಟಾಥಯೋನ್ ಎಂಬ ವಸ್ತುವೂ ಲಿವರಿನಲ್ಲೇ ಇರುತ್ತದೆ. ಉಂಡ ಪ್ರಾಣಿಯಲ್ಲಿ ಅದರ ದಾಸ್ತಾನು ತುಂಬಿರುತ್ತದೆ, ಹಸಿದ ಪ್ರಾಣಿಯಲ್ಲಿ ಇಳಿದಿರುತ್ತದೆ. ಎಲ್ಲ ಇಲಿಗಳೂ ಸಮಾನವಾಗಿ ಹಸಿದಿದ್ದರೆ ಮಾತ್ರ ಹಾನಿ ಸಮಾನವಾಗಿ ಆಗುತ್ತದೆ, ಮದ್ದಿನ ಗುಣ ತಿಳಿಯುತ್ತದೆ.

ಮೊದಲ ಸುತ್ತಿನಲ್ಲಿ ಕಿರುನೆಲ್ಲಿ ಸಿಲಿಮರಿನ್ನನ್ನು ಸುಲಭವಾಗಿ ಹಿಂದೆ ಹಾಕಿತು. ಪ್ರಿನ್ಸಿಪಾಲರು ಸ್ಟಾಫ್ ರೂಮಿಗೇ ಬಂದು, “ಇನ್ನು ಕಾಯುದೆಂತಕ್ಕೆ? ಕಳಿಸಿಬಿಡಿ ಪತ್ರಿಕೆಗೆ,” ಎಂದರು. ಹೊಸ ಗಿಡ ತಂದು ಇನ್ನೊಂದು ಸುತ್ತು ಮಾಡದೆ ನಾನು ಏನನ್ನೂ ಕಳಿಸುತ್ತಿರಲಿಲ್ಲ. ಅದು ಶಿಸ್ತೋ ಅಂಜಿಕೆಯೋ ಈಗಲೂ ನನಗೆ ತೀರ್ಮಾನ ಆಗಿಲ್ಲ. ನಸೀಮಾ ಬೇಸರಪಟ್ಟಳು, ಒಪ್ಪಿದಳು. ಅವಳ ವಿದ್ಯಾರ್ಥಿವೇತನದ ಅವಧಿ ಮುಗಿಯುತ್ತಾ ಬಂದಿತ್ತು.

ಆ ನಡುವೆ ಅವಳ ಅಣ್ಣ ಹಮೀದ್ ಕಾಲೇಜಿಗೆ ಬಂದ. ಸವಣೂರು ಪೇಟೆಯಲ್ಲಿ ಅವನದ್ದು ಗುಜರಿ ಅಂಗಡಿ. ಕೆಲವು ತಿಂಗಳ ಹಿಂದೆ ಅವನಿಗೆ ಕ್ಷಯ ಎಂದು ತಿಳಿದು ಸರಕಾರಿ ಆಸ್ಪತ್ರೆಯಿಂದ ಗುಳಿಗೆ ಶುರುವಾಗಿತ್ತು. ಸ್ವಲ್ಪ ಸಮಯದಲ್ಲೇ ಕಣ್ಣು ಹಳದಿಯಾಗಿ, ಲಿವರ್ ಕೆಟ್ಟಿದೆ ಎಂದು ಡಾಕ್ಟರು ಎಲ್ಲ ಗುಳಿಗೆ ನಿಲ್ಲಿಸಿದರು. ಈಗ ರಕ್ತ ಪರೀಕ್ಷೆ ಸರಿ ಬಂದಿತ್ತು. ಒಂದೊಂದೇ ಗುಳಿಗೆಯನ್ನು ಪುನಃ ಶುರು ಮಾಡಬೇಕು ಎಂದು ಡಾಕ್ಟರು ಹೇಳಿದ್ದರು. ಹಮೀದ್ ಹೋಗಿರಲಿಲ್ಲ. ಇಷ್ಟೆಲ್ಲ ನನಗೆ ನಸೀಮಾ ಹೇಳಿದ್ದಳು. ನನ್ನ ನೆನಪಿನಲ್ಲಿ ಅವನು ಬಂದ ದಿನ ಜೋರು ಮಳೆ. ಡೈರಿಯಲ್ಲಿ ‘ವಿಪರೀತ ಸೆಕೆ’ ಎಂದಿದೆ.

ಕೂತವನೇ ಹೇಳಿದ: “ಮೇಡಂ, ಆ ಗುಳಿಗೆ ತಿಂದು ಒಮ್ಮೆ ಸತ್ತು ಬಂದಿದ್ದೇನೆ. ಪುನಃ ತಿನ್ಬೇಕಂತೆ. ಇಲ್ಲ ಅಂತ ಹೇಳುದಿಲ್ಲ. ತಿನ್ತೇನೆ. ಇವಳ ಇಲಿಮದ್ದು ಒಟ್ಟಿಗೆ ಕೊಡಿ.”

“ಇಲಿಮದ್ದು ಅಂತ ಹೇಳ್ಬೇಡ ಅಣ್ಣ,” ಎಂದಳು ನಸೀಮಾ.

“ಇಲಿಗೆ ಕೊಟ್ಟದ್ದು ಮತ್ತೆಂತ ಮದ್ದು? ಇಲಿಗಳೆಲ್ಲ ಬದುಕಿದ್ದಾವೆ ಅಂತ ಮನೆಯಲ್ಲಿ ಹೇಳಿದ್ದು ನೀನೇ ಅಲ್ವಾ.”

ಕೊಡಲಿಕ್ಕಾಗದು ಎಂದೆ. ಕಾರಣ ಕೇಳಿದ, ಹೇಳಿದೆ. ನಮ್ಮ ಸಾರ ಮನುಷ್ಯರಿಗೆಂದು ತಯಾರಿಸಿದ್ದಲ್ಲ. ಅದು ಕ್ಷಯದ ಗುಳಿಗೆಯ ಜೊತೆ ಹೇಗೆ ವರ್ತಿಸುತ್ತದೆ ಎಂದು ಯಾರೂ ನೋಡಿಲ್ಲ. ಗಿಡದ ಕೆಲವು ಅಂಶಗಳು ಲಿವರಿನ ಕೆಲಸವನ್ನೇ ನಿಧಾನ ಮಾಡುತ್ತವೆ. ಅದರಿಂದ ಗುಳಿಗೆಯ ಬಲ ಏರುಪೇರಾದರೆ, ಲಿವರ್ ಉಳಿದು ರೋಗವೂ ಉಳಿಯಬಹುದು.

“ನೋಡುದು ಯಾವಾಗ?”

“ಅದು ಬೇರೆಯೇ ಕೆಲಸ, ವರ್ಷಗಟ್ಟಲೆ ಬೇಕು. ಈಗ ನಾವು ಮಾಡ್ತಾ ಇರುದು ಮೊದಲಿನದ್ದನ್ನೇ ಇನ್ನೊಂದು ಸಲ.”

“ಅದು ಮುಗೀಲಿ ಹಾಗಾದ್ರೆ. ಅದರಲ್ಲಿಯೂ ಇಲಿ ಬದುಕಿದ್ರೆ ನಿಮ್ಮ ಹತ್ರ ಕೇಳುದಿಲ್ಲ, ಇವಳ ಹತ್ರ ಕೇಳ್ತೇನೆ. ಅಲ್ಲಿವರೆಗೆ ಆಸ್ಪತ್ರೆಗೆ ಹೋಗುದಿಲ್ಲ.”

ತಮಾಷೆಯ ಧ್ವನಿಯಲ್ಲೇ ಹೇಳಿದ್ದು. ಹೇಳಿ ಮುಗಿಸುವಷ್ಟರಲ್ಲಿ ಕೆಮ್ಮು ಬಂತು, ಟವೆಲಿನಿಂದ ಬಾಯಿ ಮುಚ್ಚಿಕೊಂಡ. ಕ್ಷಯದ ಗುಳಿಗೆ ನಿಂತಷ್ಟು ಕಾಲ ರೋಗ ಸುಮ್ಮನಿರುವುದಿಲ್ಲ. ಬಿಟ್ಟು ಬಿಟ್ಟು ತಿಂದರೆ ಮುಂದೆ ಆ ಗುಳಿಗೆಗಳೇ ನಾಟದೆ ಹೋಗಬಹುದು. ಇದು ನನಗೂ ಗೊತ್ತಿತ್ತು, ನಸೀಮಾಳಿಗೂ. ಅವನಿಗೆ ಹೇಳಿದೆವು. ಅವನು ಎರಡನೇ ಸುತ್ತು ಮುಗಿಯಲಿ ಎಂದೇ ಹೇಳಿ ಹೋದ. ಹೀಗೆ, ಪತ್ರಿಕೆಗಾಗಿ ಮಾಡುತ್ತಿದ್ದ ಕೆಲಸ ಒಬ್ಬ ಮನುಷ್ಯ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬುದಕ್ಕೆ ಬಂದು ನಿಂತಿತು.

ಎರಡನೇ ಸುತ್ತಿನಲ್ಲಿ ಪ್ಯಾರಸಿಟಮಾಲ್ ಕುಡಿಸುವ ಬೆಳಿಗ್ಗೆ ನಸೀಮಾಳ ಕೈ ತಪ್ಪಿತು. ಇಲಿಗೆ ಮದ್ದು ಕುಡಿಸುವುದು ತುದಿ ಉರುಟಾದ, ಬಾಗಿದ ಒಂದು ಕೊಳವೆಯಿಂದ. ಅದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಹೋದರೆ ಇಲಿ ಅಲ್ಲೇ ಸಾಯುತ್ತದೆ. ಈ ಕೆಲಸ ಮಾಡಿದ ಎಲ್ಲರ ಕೈಯಲ್ಲೂ ಒಮ್ಮೆಯಾದರೂ ಆಗಿರುತ್ತದೆ, ನಿಮಗೂ ಆಗುತ್ತದೆ. ಹಾಗೆ ಸತ್ತರೆ ತಕ್ಷಣ ಕೊಯ್ದು ಬಿಡಿಸಿ ಕಾರಣ ಖಚಿತ ಮಾಡಿಕೊಳ್ಳಬೇಕು ಎಂಬುದು ನಮ್ಮ ನಿಯಮ. ಬಿಡಿಸಿದೆವು. ಶ್ವಾಸಕೋಶದಲ್ಲಿ ದ್ರವ ಇತ್ತು, ಕಾರಣ ಸಿಕ್ಕಿತು. ಮುಚ್ಚಬೇಕು ಎನ್ನುವಾಗ ಹೊಟ್ಟೆಯ ಕಡೆ ಕಣ್ಣು ಹೋಯಿತು. ರಾತ್ರಿಯೆಲ್ಲ ಹಸಿದ ಇಲಿಯ ಜಠರ ಚಪ್ಪಟೆಯಾಗಿರಬೇಕು. ಇದರದ್ದು ದುಂಡಗಿತ್ತು. ಕೊಯ್ದರೆ ಒಳಗೆ ಬಿಳಿಯ ಗಂಜಿ.

ಲಿವರಿನ ಕೆಲಸ ಮಾಡುವವರು ಲಿವರ್ ನೋಡುತ್ತೇವೆ. ಪಕ್ಕದಲ್ಲೇ ಇರುವ ಜಠರವನ್ನು ಸರಿಸಿ ಬದಿಗಿಡುತ್ತೇವೆ.

ಜತ್ತಪ್ಪಣ್ಣ ಮುಂದಿನ ಇಲಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು.

“ಜತ್ತಪ್ಪಣ್ಣ, ಈ ಗೂಡಿಗೆ ನಿನ್ನೆ ಎಂತ ಕೊಟ್ಟದ್ದು?”

“ಕಿರುನೆಲ್ಲಿ ಗೂಡಿಗಾ? ಗಂಜಿ.”

“ಗಂಜಿ ಯಾಕೆ?”

“ಮತ್ತೆ ಪಥ್ಯ ಬೇಡ್ವಾ ಮೇಡಂ?”

ಅವರೇ ವಿವರಿಸಿದರು. “ಕಾಮಾಲೆ ಮದ್ದಲ್ವಾ. ನಿಮ್ಮ ಕಾಳಿನಲ್ಲಿ ಉಪ್ಪುಂಟು, ಎಣ್ಣೆಯೂ ಉಂಟು. ನಾನು ತಿಂದು ನೋಡಿದ್ದೇನೆ.”

“ಇಲಿಯ ಕಾಳು ತಿಂದದ್ದಾ ನೀವು?” ಎಂದಳು ನಸೀಮಾ.

“ಒಂದು ಕಾಳು. ರುಚಿ ಎಂತದೂ ಇಲ್ಲ. ಆದ್ರೆ ಉಪ್ಪುಂಟು.”

“ಯಾವಾಗಿನಿಂದ ಗಂಜಿ ಕೊಡ್ತಾ ಇದ್ದೀರಿ?”

“ಮೊದಲಿಂದ್ಲೇ. ಹೋದ ಸಲವೂ ಕೊಟ್ಟಿದ್ದೇನೆ. ಕುಚ್ಚಲಕ್ಕಿ ಗಂಜಿ, ಒಂದು ಚೂರು ಹಾಲು ಹಾಕಿ.”

“ಸಿಲಿಮರಿನ್ ಗೂಡಿಗೆ?”

“ಅದು ಇಂಗ್ಲಿಷ್ ಮದ್ದು. ಅದಕ್ಕೆಂತ ಪಥ್ಯ?”

“ಬರೀ ನೀರಿನ ಗೂಡಿಗೆ?”

“ಅದಕ್ಕೆ ಮದ್ದೇ ಇಲ್ವಲ್ಲ. ಮದ್ದಿಲ್ಲದೆ ಪಥ್ಯ ಮಾಡಿಸಿದ್ರೆ ಪಾಪ ಅಲ್ವಾ.”

“ಎಲ್ಲದಕ್ಕೂ ಉಪವಾಸ ಅಂತ ಹೇಳಿದ್ದೆ ಅಲ್ವಾ?”

“ಹೇಳಿದ್ದೀರಿ. ಈ ಗೂಡಿಗೆ ಕಾಮಾಲೆ ಮದ್ದು ಹೋಗುದು ನಿಮಗೆ ನೆನಪು ಹೋಯ್ತು ಅಂತ ಗ್ರಹಿಸಿದೆ. ಈ ಮದ್ದು ಕೊಟ್ಟು ಗಂಜಿ ಕೊಡದಿದ್ರೆ ಅದೇ ತಿರುಗಿ ಹೊಡೀತದೆ.”

ನಾನು ಕೋಪ ಮಾಡಿಕೊಳ್ಳಲಿಲ್ಲ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಡೈರಿಯಲ್ಲಿ ‘ಜತ್ತಪ್ಪನಿಗೆ ಬೈದೆ, ಅವನು ಊಟ ಮಾಡಲಿಲ್ಲ’ ಎಂದಿದೆ. ಹಾಗಾದರೆ ಬೈದಿರಬೇಕು. ಯೋಚಿಸಿದರೆ ಅವರ ಲೆಕ್ಕದಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು. ಮದ್ದು ಎಂದರೆ ಅವರಿಗೆ ಸಾರವೂ ಪಥ್ಯವೂ ಸೇರಿದ್ದು. ನಾವು ಅರ್ಧ ಮಾತ್ರ ಕೊಡುತ್ತಿದ್ದೇವೆ ಎಂದು ಕಂಡಾಗ ಉಳಿದರ್ಧವನ್ನು ಅವರು ಸೇರಿಸಿದರು. ನಮ್ಮ ಪ್ರಯೋಗಕ್ಕೆ ಮಾತ್ರ ಅದು ಸಾವು. ಕಿರುನೆಲ್ಲಿ ಗುಂಪಿನ ಇಲಿಗಳು ಮದ್ದಿನಿಂದ ಉಳಿದವೋ ಗಂಜಿಯಿಂದ ಉಳಿದವೋ ಹೇಳುವ ದಾರಿಯೇ ಇರಲಿಲ್ಲ.

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಹೋದೆವು. ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಸತ್ತದ್ದು ಒಂದು ಇಲಿ ಅಲ್ವಾ? ಈ ಸುತ್ತು ಬಿಡಿ. ಹಿಂದಿನದ್ದು ಉಂಟಲ್ಲ.”

“ಹಿಂದಿನದ್ದೂ ಗಂಜಿಯದ್ದೇ ಸರ್.”

“ಗಂಜಿ ಅಂತ ಪತ್ರಿಕೆಯಲ್ಲಿ ಬರೆಯುದು ಹೇಗೆ ಮಾರಾಯ್ರೆ? ನಗ್ತಾರೆ.” ನಸೀಮಾಳ ಕಡೆ ತಿರುಗಿದರು. “ನಿನ್ನ ವೇತನ ಯಾವಾಗ ನಿಲ್ಲುದು?”

ಅವಳು ಹೇಳಿದಳು. ಇನ್ನು ಕೆಲವೇ ತಿಂಗಳು ಇತ್ತು.

“ಒಂದು ವರ್ಷ ಹೋಗ್ತದೆ ನಿನ್ನದು,” ಎಂದರು. ಆಮೇಲೆ ನನಗೆ, “ಮಾಡುದೇ ಆದ್ರೆ ಗಂಜಿ ಮಾತ್ರ ಕೊಟ್ಟು ಒಂದು ಗುಂಪು ಮಾಡಿ. ಎಂತ ಬರ್ತದೆ ನೋಡುವ. ಮೂರು ಗುಂಪು ಸಾಲುದಿಲ್ಲ.” ಬಣ್ಣ ನೋಡಿ ಅಂಕ ಕೊಡುತ್ತಿದ್ದ ಕಾಲದ ಮನುಷ್ಯ. ಆ ಯೋಚನೆ ನನ್ನ ತಲೆಗೆ ಇನ್ನೂ ಬಂದಿರಲಿಲ್ಲ.

ಆದರೆ ಹೊಸ ಸುತ್ತಿಗೆ ಅನುಮತಿ, ಹೊಸ ಇಲಿ, ಹೊಸ ಗಿಡ ಎಂದರೆ ತಿಂಗಳುಗಳ ಕೆಲಸ. ಹಮೀದ್ ಅಷ್ಟು ಕಾಲ ಕಾಯುವ ಹಾಗಿರಲಿಲ್ಲ. ಮಾರನೇ ದಿನ ನಸೀಮಾ ನನ್ನನ್ನೂ ಕರೆದುಕೊಂಡು ಸವಣೂರಿಗೆ ಹೋದಳು. ಒಬ್ಬಳೇ ಹೇಳಿದರೆ ಮದ್ದು ಕೊಡಲಿಕ್ಕೆ ಮನಸ್ಸಿಲ್ಲದೆ ನೆಪ ಹೇಳುತ್ತಾಳೆ ಎಂದುಕೊಳ್ಳುತ್ತಾನೆ ಎಂಬುದು ಅವಳ ಭಯ.

ಅಂಗಡಿಯ ಎದುರು ಹಳೆಯ ಬ್ಯಾಟರಿ, ಮುರಿದ ಫ್ಯಾನು, ಬಾಟಲಿಯ ಚೀಲಗಳು. ಹಮೀದ್ ಹಿಂದೆ ನೋಡಿದ್ದಕ್ಕಿಂತ ಸಪೂರ ಆಗಿದ್ದ. ಇಬ್ಬರೂ ಬ್ಯಾರಿ ಭಾಷೆಯಲ್ಲಿ ಏನೋ ಮಾತಾಡಿಕೊಂಡು, ನನಗಾಗಿ ಕನ್ನಡಕ್ಕೆ ಬಂದರು.

“ಎಂತ ಆಯ್ತು, ಇಲಿ ಬದುಕಿತಾ?”

“ಬದುಕಿದ್ದು ಮದ್ದಿನಿಂದ ಅಂತ ಹೇಳ್ಲಿಕ್ಕೆ ಆಗುದಿಲ್ಲ ಅಣ್ಣ,” ಎಂದು ನಸೀಮಾ ಗಂಜಿಯ ಕತೆ ಹೇಳಿದಳು. ಏನನ್ನೂ ಬಿಡಲಿಲ್ಲ. ಜತ್ತಪ್ಪಣ್ಣ ಕಾಳು ತಿಂದು ನೋಡಿದ ಜಾಗಕ್ಕೆ ಬಂದಾಗ ಅವನು ನಕ್ಕ, ನಗು ಕೆಮ್ಮಾಯಿತು.

“ಅಂದ್ರೆ ಗಂಜಿ ಕುಡಿದವರು ಬದುಕ್ತಾರೆ. ನಾನೂ ಗಂಜಿಯೇ ಕುಡಿಯುದು ಈಗ. ಉಮ್ಮ ಉಪ್ಪೂ ಹಾಕುದಿಲ್ಲ, ಮೀನೂ ಇಲ್ಲ.”

“ಅದು ಕಾಮಾಲೆ ಬಂದ ಮೇಲೆ,” ಎಂದೆ. “ಅದಕ್ಕೆ ಮೊದಲು, ಆಸ್ಪತ್ರೆಯ ಗುಳಿಗೆ ಶುರುವಾದಾಗ ಎಂತ ತಿಂತಿದ್ರಿ?”

ಈ ಪ್ರಶ್ನೆ ನಾನೇಕೆ ಕೇಳಿದೆ ಎಂದು ಹೇಳಲಾರೆ. ಇಲಿಯ ಜಠರ ತಲೆಯಲ್ಲಿ ಇದ್ದುದರಿಂದ ಇರಬಹುದು. ಮುನ್ನೋಟ ಏನೂ ಇರಲಿಲ್ಲ.

“ಆಗ ತಿನ್ಲಿಕ್ಕೇ ಆಗ್ತಿರ್ಲಿಲ್ಲ ಮೇಡಂ. ಅನ್ನ ನೋಡಿದ್ರೆ ವಾಕರಿಕೆ. ಚಾ ಕುಡಿದು ಅಂಗಡಿಗೆ ಬರ್ತಿದ್ದೆ.”

“ಹೊಟ್ಟೆ ಖಾಲಿ ಇಟ್ಟು ಈ ಕಬ್ಬಿಣ ಎತ್ತುದು ಹೇಗೆ?”

“ಮೈಕೈ ಒಡೀತಿತ್ತು. ಜ್ವರದ ಗುಳಿಗೆ ತಿಂದು ಎತ್ತುದು.”

“ದಿನಕ್ಕೆ ಎಷ್ಟು?”

“ಎಣಿಸ್ಲಿಲ್ಲ. ನೋವಾದಾಗೆಲ್ಲ ಒಂದು. ಕೆಲವು ಸಲ ಎರಡು.”

“ಡಾಕ್ಟ್ರಿಗೆ ಹೇಳಿದ್ದೀರಾ?”

“ಜ್ವರದ ಗುಳಿಗೆಯಲ್ಲಿ ಹೇಳ್ಲಿಕ್ಕೆ ಎಂತ ಉಂಟು? ಅದು ದಿನಸಿ ಅಂಗಡಿಯಲ್ಲೂ ಸಿಗ್ತದೆ.”

ನಸೀಮಾ ನೆಲ ನೋಡುತ್ತಿದ್ದಳು. ಹಸಿದ ಇಲಿಗೆ ಪ್ಯಾರಸಿಟಮಾಲ್ ಕುಡಿಸಿ ಲಿವರ್ ಕೆಡಿಸುವುದನ್ನು ಅವಳು ಎರಡು ಸುತ್ತು ಮಾಡಿದ್ದಳು. “ನಾವು ಅಲ್ಲಿ ಮಾಡುದನ್ನು ಇವನು ಇಲ್ಲಿ ಮಾಡ್ತಾ ಇದ್ದ,” ಎಂದಳು, ನನಗೆ ಮಾತ್ರ ಕೇಳಿಸುವಂತೆ.

ಇಲ್ಲಿ ಎಚ್ಚರಿಕೆ ಬೇಕು, ಬೇಕೆಂದು ಆಗಲೂ ಹೇಳಿದೆ. ಅವನ ಲಿವರ್ ಕೆಡಿಸಿದ್ದು ಜ್ವರದ ಗುಳಿಗೆಯೇ ಎಂದು ಹೇಳಲಿಕ್ಕಾಗದು. ಕ್ಷಯದ ಗುಳಿಗೆ ಒಂದೇ ಆ ಕೆಲಸ ಮಾಡಬಲ್ಲದು. ಆದರೆ ಊಟವಿಲ್ಲದೆ ಸೊರಗಿದ ಮೈಗೆ ಎರಡೂ ಒಟ್ಟಿಗೆ ಬಿದ್ದಿವೆ ಎಂಬುದು ಅವನ ಡಾಕ್ಟರಿಗೆ ತಿಳಿದಿರಲಿಲ್ಲ. ತಿಳಿಯಲೇಬೇಕಿತ್ತು.

“ಅದನ್ನು ಅವರಿಗೆ ಹೇಳಿ ಪುನಃ ಗುಳಿಗೆ ಶುರು ಮಾಡಿ,” ಎಂದೆ. “ಕಿರುನೆಲ್ಲಿಗೆ ಕಾಯ್ಬೇಡಿ.”

ಅವನು ನನ್ನನ್ನು ಬಿಟ್ಟು ತಂಗಿಯ ಕಡೆ ನೋಡಿದ. “ನಿನ್ನ ಪರೀಕ್ಷೆ ಹಾಳಾಯ್ತಲ್ಲ, ಡಾಕ್ಟರೇಟ್ ಎಂತ ಆಗ್ತದೆ?”

“ಒಂದು ವರ್ಷ ಹೋಗ್ತದೆ.”

“ದುಡ್ಡು?”

“ವೇತನ ನಿಲ್ತದೆ. ಎಲ್ಲಿಯಾದ್ರೂ ಪಾಠಕ್ಕೆ ಸೇರ್ಬೇಕು.”

“ಗಂಜಿ ವಿಷಯ ನಿಮಗೆ ನಾಲ್ಕು ಜನಕ್ಕೆ ಬಿಟ್ರೆ ಯಾರಿಗೂ ಗೊತ್ತಿಲ್ಲ ಅಲ್ವಾ? ಮತ್ತೆ ಇಲ್ಲಿಗೆ ಬಂದು ಹೇಳಿದ್ದು ಯಾಕೆ?”

“ನೀನು ಅದಕ್ಕೇ ಕಾಯ್ತಾ ಇದ್ದಿಯಲ್ಲ.”

ಅವನು ಎದ್ದು, ತಕ್ಕಡಿಯ ಮೇಲಿದ್ದ ಸರಕನ್ನು ಕೆಳಗಿಳಿಸಿ, ಕೈ ಒರೆಸಿಕೊಂಡ. ಒಬ್ಬ ಗಿರಾಕಿ ಬಂದು ಬಾಟಲಿಯ ದರ ಕೇಳಿದ, ಹೇಳಿ ಕಳಿಸಿದ. ಆಮೇಲೆ, “ನಾಳೆ ಹೋಗುವ. ನೀನೂ ಬಾ. ಡಾಕ್ಟ್ರು ಬೈದ್ರೆ ನಿನಗೂ ಸ್ವಲ್ಪ ಸಿಗ್ಲಿ,” ಎಂದ.

ಡಾಕ್ಟರು ಬೈದರು ಎಂದು ನಸೀಮಾ ಆಮೇಲೆ ಹೇಳಿದಳು. ಇಬ್ಬರಿಗೂ. ಗುಳಿಗೆಗಳನ್ನು ಒಂದರ ನಂತರ ಒಂದರಂತೆ, ನಡುವೆ ರಕ್ತ ಪರೀಕ್ಷೆ ಮಾಡುತ್ತಾ ಶುರು ಮಾಡಿದರು. ಒಂದನ್ನು ಮತ್ತೆ ಕೊಡಲೇ ಇಲ್ಲ, ಬದಲಿಗೆ ಚಿಕಿತ್ಸೆಯ ಅವಧಿ ಉದ್ದ ಮಾಡಿದರು. ಜ್ವರದ ಗುಳಿಗೆ ಸ್ವಂತ ಇಚ್ಛೆಯಿಂದ ತಿನ್ನಬಾರದು, ಊಟ ಬಿಡಬಾರದು ಎಂದರು. ಅವರ ತಾಯಿ ಉಪ್ಪು ಮತ್ತು ಮೀನನ್ನು ಮರಳಿ ತಂದರು, ಅಳುಕುತ್ತಲೇ. ಪ್ರತಿ ರಕ್ತ ಪರೀಕ್ಷೆಯ ದಿನ ನಸೀಮಾ ಪ್ರಯೋಗಾಲಯದಲ್ಲಿ ಏನನ್ನೋ ಕೆಳಗೆ ಬೀಳಿಸುತ್ತಿದ್ದಳು. ಕಾಮಾಲೆ ಮರಳಲಿಲ್ಲ. ಹಮೀದ್ ಚಿಕಿತ್ಸೆ ಪೂರ್ತಿ ಮುಗಿಸಿದ.

ನಮ್ಮ ಮೂರನೇ ಸುತ್ತು ಕೂಡ ಅಷ್ಟರಲ್ಲಿ ನಡೆಯಿತು, ಗುಂಪು ಹೆಚ್ಚಿಸಿ, ಗೂಡಿನ ಮೇಲೆ ಮದ್ದಿನ ಹೆಸರು ಬರೆಯದೆ. ಗಂಜಿ ಕೊಡುವ ಗೂಡುಗಳಲ್ಲಿ ಮದ್ದಿಲ್ಲದ ಇಲಿಗಳೂ ಇವೆ ಎಂದಾಗ ಜತ್ತಪ್ಪಣ್ಣ, “ಸುಮ್ಮನೆ ಪಥ್ಯವಾ?” ಎಂದು ಗೊಣಗಿ ಕೊಟ್ಟರು. ಗಂಜಿ ಮಾತ್ರ ಕುಡಿದ ಇಲಿಗಳ ಲಿವರ್ ಚೆನ್ನಾಗಿತ್ತು. ಹಸಿದು ಕಿರುನೆಲ್ಲಿ ಕುಡಿದವುಗಳದ್ದು ಬರೀ ನೀರಿನವಕ್ಕಿಂತ ಮೇಲು, ಸಿಲಿಮರಿನ್‌ಗಿಂತ ಕೆಳಗೆ. ಕಿರುನೆಲ್ಲಿಯಲ್ಲಿ ಗುಣವಿಲ್ಲ ಎಂದು ಇದರ ಅರ್ಥವಲ್ಲ. ಇದೆ, ನಾವು ಹೇಳಹೊರಟಷ್ಟು ಇಲ್ಲ. ಮದ್ದು ಮೊದಲೇ ಕುಡಿದ ಇಲಿಯ ಕತೆಯನ್ನು ಹಾನಿಯಾದ ಮೇಲೆ ಮದ್ದು ಹುಡುಕುವ ಮನುಷ್ಯನಿಗೆ ಹೇಳಬಾರದು ಎಂಬುದನ್ನೂ ನಸೀಮಾ ತನ್ನ ಪ್ರಬಂಧದಲ್ಲಿ ಸೇರಿಸಿದಳು. ಗಂಜಿ ಎಂದೇ ಬರೆದಳು. ಮೌಖಿಕ ಪರೀಕ್ಷೆಯಲ್ಲಿ ಯಾರೂ ನಗಲಿಲ್ಲ.

ಅಣ್ಣನ ಲಿವರನ್ನು ಉಳಿಸಿದ್ದು ಯಾವುದು ಎಂದು ಅವಳು ಒಮ್ಮೆ ಕೇಳಿದ್ದಳು. ಒಂದು ಗುಳಿಗೆ ಬಿಟ್ಟದ್ದೋ, ಜ್ವರದ ಗುಳಿಗೆ ನಿಂತದ್ದೋ, ಊಟವೋ, ಅಥವಾ ಮೊದಲ ಸಲದ ನಂತರ ಮೈ ತಾನಾಗಿ ಹೊಂದಿಕೊಂಡದ್ದೋ. ಎಲ್ಲವೂ ಒಟ್ಟಿಗೆ ಬದಲಾದವು, ಹೋಲಿಸಿ ನೋಡಲು ಇನ್ನೊಬ್ಬ ಹಮೀದ್ ಇರಲಿಲ್ಲ. ಗೊತ್ತಿಲ್ಲ ಎಂದೆ. ಈಗಲೂ ಗೊತ್ತಿಲ್ಲ.

ನಿವೃತ್ತಿಯಾದ ಮೇಲೆ ಮನೆಯ ಹಳೆಯ ಫ್ರಿಜ್ ಕೊಡಲು ಅವನ ಅಂಗಡಿಗೆ ಹೋಗಿದ್ದೆ. ಮೈ ತುಂಬಿಕೊಂಡಿದ್ದ. ಅವನು ಫ್ರಿಜ್ಜಿನ ಹಿಂಭಾಗ ನೋಡುತ್ತಿರುವಾಗ ಕಡಬದ ಕಡೆಯ ಒಬ್ಬರು ಬೈಕು ನಿಲ್ಲಿಸಿ ಬಂದರು.

“ಹಮೀದಣ್ಣ, ನಿಮ್ಮ ಕಾಮಾಲೆ ಇಳಿಸಿದ ಆ ಕಾಲೇಜಿನ ಮದ್ದು ಇನ್ನೂ ಸಿಗ್ತದಾ? ಭಾವನಿಗೆ ಬೇಕಿತ್ತು. ಅವರಿಗೂ ಗುಳಿಗೆ ತಿಂದು ಲಿವರ್ ಹಾಳಾಗಿದೆಯಂತೆ.”

“ನಂಗೆ ಯಾರೂ ಮದ್ದು ಕೊಡ್ಲಿಲ್ಲ ಮಾರಾಯ.”

“ಮತ್ತೆ ಎಂತ ಮಾಡಿದ್ರು?”

“ಊಟ ಮಾಡು ಹೇಳಿದ್ರು. ತಿನ್ನುವ ಗುಳಿಗೆ ಎಲ್ಲ ಡಾಕ್ಟ್ರಿಗೆ ಹೇಳು ಹೇಳಿದ್ರು.”

“ಅಷ್ಟು ಹೇಳ್ಲಿಕ್ಕೆ ಕಾಲೇಜು ಯಾಕೆ?”

ಹಮೀದ್ ನನ್ನ ಕಡೆ ನೋಡಲಿಲ್ಲ. ನಾನು ಯಾರೆಂದು ಹೇಳಲೂ ಇಲ್ಲ. ಫ್ರಿಜ್ಜಿನ ತಂತಿ ಸುತ್ತುತ್ತಾ ಕೇಳಿದ, “ನಿಮ್ಮ ಭಾವ ಆಸ್ಪತ್ರೆಯದ್ದು ಬಿಟ್ಟು ಬೇರೆ ಯಾವ ಗುಳಿಗೆ ತಿಂತಾರೆ?”

“ಯಾರಿಗೆ ಗೊತ್ತು.”

“ಹೊಟ್ಟೆಗೆ ಎಂತ ತಿಂತಾರೆ?”

ಆ ಮನುಷ್ಯ ಸ್ವಲ್ಪ ಯೋಚಿಸಿ, ಅದೂ ಗೊತ್ತಿಲ್ಲ ಎಂದರು.

“ಕೇಳಿ ಬನ್ನಿ,” ಎಂದ ಹಮೀದ್. “ನಾನು ಸಂಜೆವರೆಗೆ ಇಲ್ಲೇ ಇರ್ತೇನೆ.”